ಮತ ಎಣಿಸಿದ ಕೈಗಳು



ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿಯವರ ಹೆಸರಿನಲ್ಲಿ 1956ರಲ್ಲಿ ‘ಪ್ರೊಫೈಲ್ಸ್ ಇನ್ ಕರೇಜ್’ ಎಂಬ ಕೃತಿ ಪ್ರಕಟವಾಯಿತು. ಜನಪ್ರಿಯತೆಯನ್ನು ಪಣಕ್ಕಿಟ್ಟು ಅಂತಃಸಾಕ್ಷಿಯಂತೆ ನಡೆದ ಎಂಟು ಮಂದಿ ಸೆನೆಟರುಗಳ ಕಥನವದು. ಅದೇ ಹೆಸರಿನ ಪ್ರಶಸ್ತಿಯೊಂದನ್ನು ಕೆನಡಿ ಕುಟುಂಬ 1989ರಲ್ಲಿ ಸ್ಥಾಪಿಸಿತು. ಬೆಳ್ಳಿಯ ಲಾಂದ್ರವೇ ಅದರ ಸ್ಮರಣಿಕೆ. ಪಡೆದವರ ಪಟ್ಟಿ ಪ್ರಶ್ನಾತೀತವೇನಲ್ಲ. ನಿಕ್ಸನ್‌ಗೆ ಕ್ಷಮಾದಾನ ನೀಡಿದ್ದಕ್ಕಾಗಿ ಜೆರಾಲ್ಡ್ ಫೋರ್ಡ್‌ರಿಗೆ 2001ರಲ್ಲಿ ಅದು ದೊರೆಯಿತು. ಒಬ್ಬ ಅಧಿಕಾರಸ್ಥ ಇನ್ನೊಬ್ಬನನ್ನು ವಿಚಾರಣೆಯಿಂದ ಪಾರುಮಾಡಿದ್ದನ್ನು ಧೈರ್ಯವೆಂದು ಕರೆಯಲು ನನಗಂತೂ ಮನಸ್ಸೊಪ್ಪದು. ಆದರೆ ಗ್ವಾಂಟಾನಮೊ ಕೈದಿಗಳ ಮೇಲಿನ ಚಿತ್ರಹಿಂಸೆಯನ್ನು ಸರಕಾರದ ಒಳಗಿದ್ದೇ ವಿರೋಧಿಸಿದ ನೌಕಾಪಡೆಯ ಕಾನೂನು ಮುಖ್ಯಸ್ಥ ಆಲ್ಬರ್ಟೊ ಮೋರಾರನ್ನು 2006ರಲ್ಲಿ ಗೌರವಿಸಿದವರೂ ಇವರೇ.

ನಾನಿಂದು ಹೇಳಬಯಸುವುದು 2022ರ ಪ್ರಶಸ್ತಿಯ ಕುರಿತು. ಪ್ರಜಾಪ್ರಭುತ್ವದ ರಕ್ಷಣೆಗಾಗಿ ಆ ವರ್ಷ ಐವರನ್ನು ಆರಿಸಲಾಯಿತು. ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿಯವರ ಹೆಸರನ್ನು ಎಲ್ಲರೂ ಬಲ್ಲರು. ಅದೇ ಪಟ್ಟಿಯಲ್ಲಿ ಶೇ ಮಾಸ್ ಎಂಬ ಕಪ್ಪು ಜನಾಂಗದ ಮಹಿಳೆಯೂ ಇದ್ದರು. ಆಕೆ ಜಾರ್ಜಿಯ ರಾಜ್ಯದ ಫುಲ್ಟನ್ ಕೌಂಟಿಯ ಚುನಾವಣಾ ಕಚೇರಿಯ ಸಾಮಾನ್ಯ ನೌಕರೆಯಾಗಿದ್ದವರು.

ಚುನಾವಣಾ ಕರ್ತವ್ಯದ ರಾತ್ರಿಗಳು ಹೇಗಿರುತ್ತವೆಂದು ಈ ಸಭೆಯಲ್ಲಿರುವ ಅಧ್ಯಾಪಕರಿಗೆ ನಾನು ವಿವರಿಸಬೇಕಾಗಿಲ್ಲ. 2020ರ ನವೆಂಬರಿನಲ್ಲಿ ಅಟ್ಲಾಂಟದ ಎಣಿಕೆ ಕೇಂದ್ರದಲ್ಲಿ ಶೇ ಮಾಸ್ ಮತ್ತು ಅವರ ತಾಯಿ ರೂಬಿ ಫ್ರೀಮನ್ ಮಾಡಿದ್ದು ಆ ಕೆಲಸವನ್ನೇ. ಜಾರ್ಜಿಯದಲ್ಲಿ ಬೈಡನ್ 11,779 ಮತಗಳಿಂದ ಗೆದ್ದರು. ಸೋಲನ್ನೊಪ್ಪದ ಟ್ರಂಪ್‌ರ ವಕೀಲ ರೂಡಿ ಜೂಲಿಯಾನಿ ಕೇಂದ್ರದ ವೀಡಿಯೊ ತುಣುಕೊಂದನ್ನು ಹಿಡಿದು ತಾಯಿ-ಮಗಳ ಮೇಲೆ ಮತವಂಚನೆಯ ಆರೋಪ ಹೊರಿಸಿದರು. ಅವರಿಬ್ಬರು ಯುಎಸ್‌ಬಿ ಸಾಧನವನ್ನು ಗುಟ್ಟಾಗಿ ಕೈಬದಲಾಯಿಸಿದರಂತೆ! ತಾಯಿ ಮಗಳಿಗೆ ಕೊಟ್ಟದ್ದು ಶುಂಠಿಯ ಪೆಪ್ಪರಮಿಂಟು. ಮತಗಳನ್ನು ಕೈಯಿಂದಲೂ ಯಂತ್ರದಿಂದಲೂ ಮತ್ತೆ ಎಣಿಸಲಾಯಿತು, ಗೆದ್ದವರು ಬದಲಾಗಲಿಲ್ಲ. ಅಷ್ಟರಲ್ಲಿ ಜನಾಂಗೀಯ ನಿಂದನೆಯ, ಕೊಲೆ ಬೆದರಿಕೆಯ ಸಂದೇಶಗಳು ಹರಿದುಬಂದಿದ್ದವು. ಅಜ್ಜಿಯ ಮನೆಗೂ ಜನರು ನುಗ್ಗಲೆತ್ನಿಸಿದರು. ಎಫ್‌ಬಿಐ ಸಲಹೆಯಂತೆ ತಾಯಿ ಸುಮಾರು ಎರಡು ತಿಂಗಳು ಮನೆ ತೊರೆದಿರಬೇಕಾಯಿತು.

ಅರಿಜೋನಾ ಶಾಸನಸಭೆಯ ಸ್ಪೀಕರ್ ಆಗಿದ್ದ ರಸ್ಟಿ ಬವರ್ಸ್ ಟ್ರಂಪ್‌ರದೇ ಪಕ್ಷದವರು, ಅವರ ಪರವಾಗಿ ಪ್ರಚಾರ ಮಾಡಿದವರು. ಮತದಾರರ ತೀರ್ಪನ್ನು ಬದಿಗೊತ್ತಿ ಬೇರೆ ಪ್ರತಿನಿಧಿಗಳನ್ನು ನೇಮಿಸಬೇಕೆಂಬ ಒತ್ತಡ ಬಂದಾಗ, ತಾನು ಸ್ವೀಕರಿಸಿದ ಪ್ರಮಾಣವಚನಕ್ಕೆ ಅದು ವಿರುದ್ಧವೆಂದು ನಿರಾಕರಿಸಿದರು. ಮಗಳು ಮರಣಶಯ್ಯೆಯಲ್ಲಿದ್ದ ದಿನಗಳಲ್ಲಿ ಮನೆಯ ಮುಂದೆ ಪ್ರತಿಭಟನಕಾರರ ಗದ್ದಲ. ಪ್ರಶಸ್ತಿ ಪಡೆದ ಮೂರು ತಿಂಗಳೊಳಗೆ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ ಸೋತರು. ಅದೇ ಪಟ್ಟಿಯಲ್ಲಿದ್ದ ಲಿಜ್ ಚೆನಿಯವರಿಗೂ ಅದೇ ಗತಿ. ಎದುರಾಳಿಯ ಮುಂದೆ ಸತ್ಯ ನುಡಿದವನಿಗೆ ತನ್ನವರ ಚಪ್ಪಾಳೆಯಾದರೂ ಸಿಗುತ್ತದೆ. ತನ್ನವರ ಮುಂದೆಯೇ ನುಡಿದವನಿಗೆ ಅದೂ ಇಲ್ಲ. ನಮ್ಮ ಸಂಘ-ಸಂಸ್ಥೆಗಳ ಸಭೆಗಳಲ್ಲಿ ಕುಳಿತವರಿಗೆ ಇದು ತಿಳಿಯದ ಸಂಗತಿಯೇನಲ್ಲ.

ತಾಯಿ-ಮಗಳಿಗೆ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಜೂಲಿಯಾನಿ ವಿರುದ್ಧ 2023ರ ಡಿಸೆಂಬರಿನಲ್ಲಿ ಜ್ಯೂರಿ ತೀರ್ಪಿತ್ತಿತು. 2025ರ ಜನವರಿಯಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು. ಆದರೆ ನನ್ನನ್ನು ಕಾಡುವುದು ಬೆಳ್ಳಿಯ ಲಾಂದ್ರ ಕೈಸೇರಿದ ಮರುತಿಂಗಳು, 2022ರ ಜೂನ್ 21ರಂದು, ಸಂಸದೀಯ ಸಮಿತಿಯ ಮುಂದೆ ಶೇ ಮಾಸ್ ನುಡಿದ ಸಾಕ್ಷ್ಯ. ಆ ವೀಡಿಯೊದಲ್ಲಿ ಕಂಡ ಖಾಯಂ ಚುನಾವಣಾ ಸಿಬ್ಬಂದಿಯಲ್ಲಿ ಒಬ್ಬರೂ ಈಗ ಆ ಕಚೇರಿಯಲ್ಲಿ ಉಳಿದಿಲ್ಲವೆಂದು ಅವರು ಹೇಳಿದರು.