ಮನೆ ನಮ್ಮದು, ನೆಲ ಯಾರದು?

(ಸಂಘದ ವಿಶೇಷೋಪನ್ಯಾಸದ ಲಿಖಿತ ರೂಪ)



ಕಾನೂನಿನ ಬಗ್ಗೆ ಮಾತನಾಡಲು ವಕೀಲನನ್ನು ಕರೆದರೆ ಸಭೆಗೆ ತೂಕಡಿಕೆ ಬರುವುದು ಸಹಜ. ಆದರೆ ಇಂದಿನ ವಿಷಯ ನಿಮ್ಮೆಲ್ಲರ ತಲೆಯ ಮೇಲಿನ ಸೂರಿಗೆ ಸಂಬಂಧಿಸಿದ್ದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಚಾಳಿನ ಒಂದು ಖೋಲಿಯಲ್ಲಿ ಹತ್ತು ಮಂದಿ ಮಲಗಿ, ಕೊನೆಗೊಂದು ಫ್ಲ್ಯಾಟು ಕೊಂಡ ತಲೆಮಾರು ನಮ್ಮದು. ಆ ಫ್ಲ್ಯಾಟು ನಮ್ಮ ಜೀವಮಾನದ ಗಳಿಕೆಯ ಮೊತ್ತ. ಅದರ ಕಾಗದಪತ್ರಗಳನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಕಬ್ಬಿಣದ ಕಪಾಟಿನಲ್ಲಿಟ್ಟು ಪೂಜಿಸಿದ್ದೇವೆಯೇ ಹೊರತು ಓದಿಲ್ಲ.

ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ನನ್ನ ಕಚೇರಿಗೆ ಬಂದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತರಾದವರು. ಅವರ ಕಟ್ಟಡಕ್ಕೆ ನಲವತ್ತು ವರ್ಷ ತುಂಬಿತ್ತು. ಕಂಬಗಳಲ್ಲಿ ಬಿರುಕು, ಮಳೆಗಾಲದಲ್ಲಿ ಚಾವಣಿಯಿಂದ ನೀರು. ಪುನರ್ನಿರ್ಮಾಣಕ್ಕೆ ಎಲ್ಲ ಸದಸ್ಯರೂ ಒಪ್ಪಿದ್ದರು. ಆದರೆ ಪ್ರಾಪರ್ಟಿ ಕಾರ್ಡು ತೆಗೆಸಿ ನೋಡಿದರೆ ನೆಲ ಇನ್ನೂ ಮೂಲ ಜಮೀನುದಾರನ ಹೆಸರಿನಲ್ಲೇ ಇತ್ತು. ಆತ ತೀರಿಕೊಂಡಿದ್ದ; ವಾರಸುದಾರರು ಒಬ್ಬೊಬ್ಬರು ಒಂದೊಂದು ದಿಕ್ಕಿನಲ್ಲಿದ್ದರು; ಕಟ್ಟಡ ಕಟ್ಟಿದವರು ಕೈಗೆ ಸಿಗುವಂತಿರಲಿಲ್ಲ. "ವಕೀಲರೇ, ನಾನು ಪೂರ್ತಿ ಹಣ ಕೊಟ್ಟಿದ್ದೇನೆ, ರಿಜಿಸ್ಟ್ರಿ ಆಗಿದೆ, ಶೇರ್ ಸರ್ಟಿಫಿಕೇಟ್ ಇದೆ. ಮತ್ತೆ ನಾನು ಮಾಲೀಕನಲ್ಲವೆಂದರೆ ಏನರ್ಥ?" ಎಂದು ಅವರು ಕೇಳಿದರು. ಈ ಪ್ರಶ್ನೆಗೆ ಉತ್ತರಿಸುವುದೇ ನನ್ನ ಇಂದಿನ ಭಾಷಣದ ಉದ್ದೇಶ.

ಮೊದಲು ಮೂಲತತ್ತ್ವವೊಂದನ್ನು ಗ್ರಹಿಸೋಣ. 1882ರ ಸ್ವತ್ತು ಹಸ್ತಾಂತರಣ ಕಾಯಿದೆಯ 54ನೆಯ ಕಲಮಿನ ಪ್ರಕಾರ, ಕ್ರಯದ ಕರಾರು ಮಾತ್ರದಿಂದಲೇ ಸ್ಥಿರಾಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಕರಾರೆಂಬುದು ಮಾರುವೆನೆಂಬ ವಚನ. ಕ್ರಯಪತ್ರವೆಂಬುದು ಮಾರಿದೆನೆಂಬ ಕ್ರಿಯೆ. ಎರಡನೆಯದು ನೋಂದಣಿಯಾದಾಗಲೇ ಒಡೆತನ ಕೈ ಬದಲಾಯಿಸುವುದು. ನೋಂದಣಿಯಾದ ಮಾತ್ರಕ್ಕೆ ಎಲ್ಲವೂ ಶುದ್ಧವೆಂದೂ ತಿಳಿಯಬಾರದು. 1908ರ ನೋಂದಣಿ ಕಾಯಿದೆಯು ಪತ್ರಗಳನ್ನು ನೋಂದಾಯಿಸುತ್ತದೆ. ಮಾರುವವನಿಗೆ ಮಾರುವ ಹಕ್ಕು ಇದೆಯೆಂಬುದಕ್ಕೆ ಸರ್ಕಾರ ಜಾಮೀನು ನಿಲ್ಲುವುದಿಲ್ಲ. ಹಕ್ಕಿನ ಸರಪಳಿಯನ್ನು ಹಿಂದಕ್ಕೆ ಹಿಡಿದು ಪರಿಶೀಲಿಸುವ ಹೊಣೆ ಕೊಳ್ಳುವವನದೇ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮೂವತ್ತು ವರ್ಷಗಳ ದಾಖಲೆ ಶೋಧಿಸುವ ಪದ್ಧತಿ ಬಂದದ್ದು ಈ ಕಾರಣದಿಂದಲೇ.

ಮುಂಬಯಿಯ ಫ್ಲ್ಯಾಟಿನ ವಿಷಯದಲ್ಲಿ ಇನ್ನೊಂದು ಮಜಲಿದೆ. ನೀವು ಬಿಲ್ಡರನೊಡನೆ ಮಾಡಿಕೊಳ್ಳುವ ನೋಂದಾಯಿತ ಕರಾರು ಫ್ಲ್ಯಾಟಿಗೆ ಸಂಬಂಧಿಸಿದ್ದು. ಕಟ್ಟಡ ಮತ್ತು ಅದು ನಿಂತ ನೆಲವನ್ನು ಬಿಲ್ಡರನು ಹೌಸಿಂಗ್ ಸೊಸೈಟಿಯ ಹೆಸರಿಗೆ ಪ್ರತ್ಯೇಕ ಪತ್ರದ ಮೂಲಕ ವರ್ಗಾಯಿಸಬೇಕು. ಇದೇ ಕನ್ವೇಯನ್ಸ್. 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯಿದೆ, ಅಂದರೆ ಎಲ್ಲರ ಬಾಯಲ್ಲಿರುವ 'ಮೋಫಾ', ಇದನ್ನು 11ನೆಯ ಕಲಮಿನಲ್ಲಿ ಸ್ಪಷ್ಟವಾಗಿ ವಿಧಿಸಿದೆ. ಕರಾರಿನಲ್ಲಿ ಬೇರೆ ಅವಧಿ ಗೊತ್ತುಪಡಿಸದಿದ್ದರೆ ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ಈ ಕಾರ್ಯ ಮುಗಿಯಬೇಕೆಂದು 1964ರ ನಿಯಮಗಳು ಹೇಳುತ್ತವೆ. ತಪ್ಪಿದರೆ ಮೂರು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಗೂ ಅವಕಾಶವಿದೆ.

ಕಾನೂನು ಇಷ್ಟು ಕಠಿಣವಾಗಿದ್ದೂ ಸಾವಿರಾರು ಸೊಸೈಟಿಗಳಿಗೆ ನೆಲ ಏಕೆ ಸಿಗಲಿಲ್ಲ? ಉತ್ತರ ಅರ್ಥಶಾಸ್ತ್ರದಲ್ಲಿದೆ. ಈ ನಗರದಲ್ಲಿ ನೆಲಕ್ಕಿಂತ ನೆಲದ ಮೇಲಿನ ಆಕಾಶಕ್ಕೆ ಬೆಲೆ ಹೆಚ್ಚು. ಎಫ್.ಎಸ್.ಐ. ಎಂಬ ಮೂರಕ್ಷರಗಳು ಇಂತಿಷ್ಟು ನೆಲದ ಮೇಲೆ ಎಷ್ಟು ಕಟ್ಟಬಹುದೆಂಬುದನ್ನು ನಿರ್ಧರಿಸುತ್ತವೆ. ಆ ಪ್ರಮಾಣ ಹೆಚ್ಚಿದಾಗಲೆಲ್ಲ ಅದರ ಲಾಭ ನೆಲ ಯಾರ ಹೆಸರಿನಲ್ಲಿದೆಯೋ ಅವರತ್ತ ಹರಿಯಲು ನೋಡುತ್ತದೆ. ನೆಲವನ್ನು ತನ್ನಲ್ಲೇ ಉಳಿಸಿಕೊಂಡವನಿಗೆ ಕಾಯುವುದೇ ಲಾಭ. ನಮಗಾದರೋ ಕೈಗೆ ಬೀಗದ ಕೈ ಬಂದೊಡನೆ ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಊಟ. ಅಲ್ಲಿಗೆ ವ್ಯವಹಾರ ಮುಗಿಯಿತೆಂಬ ನೆಮ್ಮದಿ.

ಈ ಅನ್ಯಾಯಕ್ಕೆ ಪರಿಹಾರವಾಗಿ 2008ರಲ್ಲಿ ಮೋಫಾಕ್ಕೆ ತಿದ್ದುಪಡಿ ಬಂತು. 'ಡೀಮ್ಡ್ ಕನ್ವೇಯನ್ಸ್' ಎಂಬುದು ಅದರ ಫಲ. ಬಿಲ್ಡರನು ವರ್ಗಾಯಿಸದಿದ್ದರೆ ಸೊಸೈಟಿಯೇ ಸಹಕಾರಿ ಇಲಾಖೆಯ ಜಿಲ್ಲಾ ಉಪನಿಬಂಧಕರಲ್ಲಿ ಅರ್ಜಿ ಹಾಕಬಹುದು. ಅವರು ಎದುರು ಪಕ್ಷಕ್ಕೆ ನೋಟೀಸು ಕೊಟ್ಟು, ವಿಚಾರಣೆ ನಡೆಸಿ, ಆರು ತಿಂಗಳೊಳಗೆ ತೀರ್ಮಾನಿಸಬೇಕು. ಪ್ರಮಾಣಪತ್ರ ದೊರೆತ ಬಳಿಕ ಬಿಲ್ಡರನ ಸಹಿಯಿಲ್ಲದೆಯೇ ಏಕಪಕ್ಷೀಯ ಹಸ್ತಾಂತರ ಪತ್ರವನ್ನು ನೋಂದಾಯಿಸಬಹುದು. ಸದಸ್ಯರ ನೋಂದಾಯಿತ ಕರಾರುಗಳು, ಇಂಡೆಕ್ಸ್ ಟೂ, ಪ್ರಾಪರ್ಟಿ ಕಾರ್ಡು ಅಥವಾ ಸಾತ್‌ಬಾರಾ ಉತಾರೆ, ಮಂಜೂರಾದ ನಕ್ಷೆ, ಸೊಸೈಟಿಯ ನೋಂದಣಿ ಪತ್ರ ಇವು ಮುಖ್ಯ ದಾಖಲೆಗಳು. ಒಂದೇ ನಿವೇಶನದಲ್ಲಿ ಹಲವು ಕಟ್ಟಡಗಳಿದ್ದರೆ ಯಾರ ಪಾಲಿಗೆ ಎಷ್ಟು ನೆಲ ಎಂಬುದನ್ನು ಆರ್ಕಿಟೆಕ್ಟರ ಪ್ರಮಾಣಪತ್ರದಿಂದ ತೋರಿಸಬೇಕಾಗುತ್ತದೆ. ಜಗಳಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಪತ್ರ ನೋಂದಣಿಯಾದ ಮೇಲೂ ವಿಶ್ರಮಿಸಬೇಡಿ. ಸಿಟಿ ಸರ್ವೆ ಕಚೇರಿಗೆ ಹೋಗಿ ಪ್ರಾಪರ್ಟಿ ಕಾರ್ಡಿನಲ್ಲಿ ಸೊಸೈಟಿಯ ಹೆಸರು ದಾಖಲಾಗುವವರೆಗೆ ಬೆನ್ನು ಬಿಡಬಾರದು. ಆ ಹಿರಿಯರ ಸೊಸೈಟಿ ಈ ದಾರಿಯನ್ನೇ ಹಿಡಿಯಿತು. ಎರಡು ವರ್ಷ ಓಡಾಟವಾಯಿತು. ಕೊನೆಗೆ ನೆಲ ಬಂತು. ಅಷ್ಟರಲ್ಲಿ ಸಹಿ ಹಾಕಿದವರಲ್ಲಿ ಇಬ್ಬರು ಇರಲಿಲ್ಲ.

ಹೊಸ ಕಟ್ಟಡಗಳಲ್ಲಿ ಕೊಳ್ಳುವವರಿಗೆ 2016ರ ರೇರಾ ಕಾಯಿದೆಯ ಆಸರೆಯಿದೆ. ಕರಾರು ನೋಂದಾಯಿಸದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದರೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳವರೆಗೆ ಬಿಲ್ಡರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಇವು ಕಾಗದದ ಹಕ್ಕುಗಳು. ಕೇಳಿದವನಿಗೆ ಮಾತ್ರ ದಕ್ಕುವಂಥವು.

ಇನ್ನು ಗುತ್ತಿಗೆಯ ನೆಲ. ಕರಾವಳಿಯಿಂದ ಬಂದವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಹಿರಿಯರ ಕಾಲದಲ್ಲಿ ಮೂಲಗೇಣಿ ಮತ್ತು ಚಾಲಗೇಣಿ ಎಂಬ ಎರಡು ಬಗೆಯಿದ್ದವು. ಮೂಲಗೇಣಿದಾರನ ಹಕ್ಕು ಶಾಶ್ವತ, ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದು. ಚಾಲಗೇಣಿದಾರನನ್ನು ಧಣಿ ಎಬ್ಬಿಸಬಹುದಾಗಿತ್ತು. ಎರಡೂ ಗೇಣಿಯೇ, ಆದರೆ ಪತ್ರದ ಒಕ್ಕಣೆಯಲ್ಲಿ ಬದುಕಿನ ವ್ಯತ್ಯಾಸವಿತ್ತು. ಇಲ್ಲಿಯೂ ಹಾಗೆಯೇ. ನವಿ ಮುಂಬಯಿಯಲ್ಲಿ ಸಿಡ್ಕೋ 60 ವರ್ಷಗಳ ಗುತ್ತಿಗೆಯ ಮೇಲೆ ನೆಲ ಕೊಟ್ಟಿತು. ಮುಂಬಯಿಯಲ್ಲಿ ಕಲೆಕ್ಟರರ ನೆಲ, ಬಂದರು ಪ್ರಾಧಿಕಾರದ ನೆಲ ಎಂದು ಬೇರೆ ಬೇರೆ ಒಡೆಯರಿದ್ದಾರೆ. ಇಂಥ ನೆಲದ ಮೇಲಿನ ಫ್ಲ್ಯಾಟು ಕೊಳ್ಳುವ ಮುನ್ನ ಮೂರು ಸಂಗತಿ ಕೇಳಿ: ಗುತ್ತಿಗೆಯ ಅವಧಿ ಎಷ್ಟು ಉಳಿದಿದೆ, ನವೀಕರಣದ ಷರತ್ತೇನು, ವರ್ಗಾವಣೆಗೆ ಒಡೆಯನ ಅನುಮತಿ ಮತ್ತು ಶುಲ್ಕ ಬೇಕೇ. ಗುತ್ತಿಗೆದಾರನು ತನ್ನಲ್ಲಿರುವುದಕ್ಕಿಂತ ಹೆಚ್ಚಿನದನ್ನು ನಿಮಗೆ ಮಾರಲಾರನು.

ಪಗಡಿಯ ಖೋಲಿಗಳಲ್ಲಿರುವ ನಮ್ಮವರು ಕಡಿಮೆಯಿಲ್ಲ. ಪಗಡಿ ಎಷ್ಟೇ ದೊಡ್ಡ ಮೊತ್ತವಾದರೂ ಅದು ಬಾಡಿಗೆಯ ಹಕ್ಕಿನ ಬೆಲೆ, ಒಡೆತನದ ಬೆಲೆಯಲ್ಲ. ಹಿಂದೆ ಅದು ಕದ್ದುಮುಚ್ಚಿ ನಡೆಯುವ ವ್ಯವಹಾರವಾಗಿತ್ತು; 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 56ನೆಯ ಕಲಮು ಅದಕ್ಕೆ ಮಾನ್ಯತೆ ಕೊಟ್ಟಿತು. ಆದ್ದರಿಂದ ರಸೀದಿಯಿಲ್ಲದೆ, ಬರವಣಿಗೆಯಿಲ್ಲದೆ, ಕೇವಲ ಊರವನೆಂಬ ವಿಶ್ವಾಸದ ಮೇಲೆ ಇಂದು ಯಾರೂ ಹಣ ಕೊಡಬೇಕಾಗಿಲ್ಲ.

ದೆಹಲಿಯ ಬಂಧುಗಳಿಗೂ ಒಂದು ಮಾತು. ಅಲ್ಲಿ ಮುಖ್ತಾರನಾಮೆಯ ಮೇಲೆ ಮನೆ ಮಾರುವ ರೂಢಿ ಬಹುಕಾಲ ನಡೆಯಿತು. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಪತ್ರಗಳಿಂದ ಒಡೆತನ ವರ್ಗವಾಗುವುದಿಲ್ಲವೆಂದು ತೀರ್ಪಿತ್ತಿತು. ಅನಧಿಕೃತ ಕಾಲನಿಗಳ ನಿವಾಸಿಗಳಿಗಾಗಿ ಸಂಸತ್ತು 2019ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

ಕೊನೆಯ ಪ್ರಶ್ನೆ ನಮ್ಮ ಮನೆಯೊಳಗಿನದು. "ನಾಮಿನೇಶನ್ ಮಾಡಿದ್ದೇನೆ, ಇನ್ನೇನು ಚಿಂತೆ?" ಎಂದು ಹಲವರು ಕೇಳುತ್ತಾರೆ. ನಾಮಿನಿಯ ಹೆಸರಿಗೆ ಸೊಸೈಟಿಯು ಶೇರು ವರ್ಗಾಯಿಸಬೇಕು, ಆದರೆ ವಾರಸುದಾರರ ಹಕ್ಕು ಅಳಿಯುವುದಿಲ್ಲವೆಂದು ಇಂದ್ರಾಣಿ ವಾಹಿ ಪ್ರಕರಣದಲ್ಲಿ 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮಹಾರಾಷ್ಟ್ರದ ಸಹಕಾರಿ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯು ನಾಮಿನಿಯನ್ನು ತಾತ್ಕಾಲಿಕ ಸದಸ್ಯನೆಂದೇ ಕರೆಯುತ್ತದೆ. ನಾಮಿನಿಯೆಂದರೆ ಕಾವಲುಗಾರ, ಒಡೆಯನಲ್ಲ. ಹಿರಿಮಗನ ಹೆಸರು ಬರೆದು ನಿಶ್ಚಿಂತರಾದ ತಂದೆಯ ಮನೆಯಲ್ಲಿ ಹದಿಮೂರನೆಯ ದಿನವೇ ಹೆಂಡತಿ, ಹೆಣ್ಣುಮಕ್ಕಳು ಒಂದು ಕಡೆ, ಮಗ ಇನ್ನೊಂದು ಕಡೆ ನಿಂತುದನ್ನು ಕಂಡಿದ್ದೇನೆ. ಉಯಿಲು ಬರೆಯಿರಿ. ಅದಕ್ಕೆ ಮುದ್ರಾಂಕ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕು. ಉಯಿಲು ಬರೆದರೆ ಆಯುಷ್ಯ ಕಡಿಮೆಯಾಗುತ್ತದೆಂಬುದು ಮೂಢನಂಬಿಕೆ.

ಬಂಧುಗಳೇ, ಹೊರನಾಡಿನಲ್ಲಿ ನಾವು ಭಾಷೆಯ ಹಕ್ಕಿನ ಬಗ್ಗೆ, ಕನ್ನಡ ಶಾಲೆಗಳ ಅಳಿವು ಉಳಿವಿನ ಬಗ್ಗೆ ಮಾತನಾಡುತ್ತೇವೆ, ಅದು ಯುಕ್ತವೇ. ಆದರೆ ಅರವತ್ತು ವರ್ಷ ಇಲ್ಲಿ ಬೆವರು ಸುರಿಸಿದವನ ಕಾಲ ಕೆಳಗಿನ ನೆಲ ಅವನದಲ್ಲವೆಂದಾದರೆ, ಅವನು ಈ ನಗರದಲ್ಲಿ ಅತಿಥಿಯಾಗಿಯೇ ಉಳಿಯುತ್ತಾನೆ. ನಮ್ಮ ಅಜ್ಞಾನಕ್ಕೆ ಭಾಷೆಯೂ ಒಂದು ಕಾರಣ: ಕರಾರು ಇಂಗ್ಲಿಷಿನಲ್ಲಿ, ಉತಾರೆ ಮರಾಠಿಯಲ್ಲಿ, ಓದಬೇಕಾದ ತಾಯಿ ಕನ್ನಡದಲ್ಲಿ. ಈ ಅಂತರವನ್ನು ತುಂಬುವುದು ಸಂಘದ ಕೆಲಸವಾಗಬಾರದೇಕೆ? ತಿಂಗಳಿಗೊಂದು ಭಾನುವಾರ, ನಾಟಕದ ತಾಲೀಮು ನಡೆಯುವ ಇದೇ ಸಭಾಂಗಣದಲ್ಲಿ, ಸದಸ್ಯರು ತಮ್ಮ ತಮ್ಮ ಪತ್ರಗಳನ್ನು ತಂದು ಕುಳಿತರೆ, ಅವುಗಳನ್ನು ಕನ್ನಡದಲ್ಲಿ ಓದಿ ಹೇಳಲು ನಾನು ಸಿದ್ಧನಿದ್ದೇನೆ. ಇಂದು ಮನೆಗೆ ಹೋದ ಮೇಲೆ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ: "ನಮ್ಮ ನೆಲ ಯಾರ ಹೆಸರಿನಲ್ಲಿದೆ?"