ಊರಲ್ಲಿ ಗಾಜು, ಪಟ್ಟಣದಲ್ಲಿ ಕಣ್ಣು

(ಜಮಖಂಡಿ ಬಳಿಯ ಹುನ್ನೂರ ಗ್ರಾಮದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಜಡ್ಡು ಕೈಮೀರಿತು ಎಂದಾಗ ಈ ಭಾಗದ ಹಿರಿಯರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: ‘ಮಿರಜಕ್ಕೆ ಒಯ್ಯಿರಿ.’ 1890ರ ದಶಕದಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಶನ್ ಆಸ್ಪತ್ರೆ ಆರಂಭಿಸಿದ ಮೇಲೆ ಕೃಷ್ಣಾ ತೀರದ ರೋಗಿಗಳು ಸಂಸ್ಥಾನದ ಗಡಿಯನ್ನಾಗಲಿ ಭಾಷೆಯನ್ನಾಗಲಿ ನೋಡದೆ ಅತ್ತ ಹೊರಟರು. ಮುಂದೆ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. ದಾರಿ ಬದಲಾಯಿತು, ಪ್ರಯಾಣ ತಪ್ಪಲಿಲ್ಲ. ಇಂದು ನಾನು ಹೇಳಹೊರಟಿರುವುದು ರೋಗಿಯ ಪ್ರಯಾಣದ ಸಂಗತಿಯಲ್ಲ, ಅವನ ಮೈಯಿಂದ ತೆಗೆದ ಒಂದು ತುಣುಕಿನ ಪ್ರಯಾಣದ ಸಂಗತಿ.

ಬಾಯಿಯ ಒಳಗೋಡೆಯಲ್ಲಿ ಬಿಳಿ ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಮೊಲೆಯಲ್ಲಿ ನೋವಿಲ್ಲದ ಗಂಟು. ಇವನ್ನು ಮುಟ್ಟಿ ನೋಡಿದ ವೈದ್ಯರು ಅನುಮಾನ ಪಡಬಹುದು, ಖಚಿತವಾಗಿ ಹೇಳಲಾರರು. ಆ ಜಾಗದಿಂದ ಜೋಳದ ಕಾಳಿನಷ್ಟು ಮಾಂಸ ತೆಗೆದು ಫಾರ್ಮಲಿನ್ ತುಂಬಿದ ಪುಟ್ಟ ಡಬ್ಬಿಗೆ ಹಾಕುತ್ತಾರೆ. ಇದೇ ಬಯಾಪ್ಸಿ. ಡಬ್ಬಿ ರೋಗಶಾಸ್ತ್ರಜ್ಞರಿರುವ ಊರಿಗೆ ಹೋಗುತ್ತದೆ. ಕೆಲವೊಮ್ಮೆ ಕೊರಿಯರ್‌ನಲ್ಲಿ, ಕೆಲವೊಮ್ಮೆ ರೋಗಿಯ ಮಗನ ಕೈಚೀಲದಲ್ಲಿ. ರಿಪೋರ್ಟು ಬರುವವರೆಗೆ ಆ ಮನೆಯಲ್ಲಿ ಲಗ್ನದ ಮಾತಿಲ್ಲ, ಕಬ್ಬಿನ ಬಿಲ್ಲಿನ ಲೆಕ್ಕವೂ ಇಲ್ಲ.

ಡಬ್ಬಿ ತಲುಪಿದ ಮೇಲೆ ನಡೆಯುವ ಕೆಲಸ ನಮ್ಮ ರಬಕವಿ-ಬನಹಟ್ಟಿಯ ನೇಕಾರರಿಗೆ ತೀರ ಹೊಸದೇನೂ ಅಲ್ಲ. ತುಣುಕನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರದ ಅಲಗಿನಿಂದ ಒಂದು ಮಿಲಿಮೀಟರಿನ ಸುಮಾರು 250ರಲ್ಲಿ ಒಂದು ಭಾಗದಷ್ಟು ತೆಳ್ಳಗೆ ಹೆರೆದು ಗಾಜಿನ ಮೇಲೆ ಹರವುತ್ತಾರೆ. ಬಣ್ಣ ಹಾಕದಿದ್ದರೆ ಅದರಲ್ಲಿ ಹೆಚ್ಚೇನೂ ಕಾಣದು. ಕೋಶಕೇಂದ್ರಕ್ಕೆ ನೀಲಿ ಕೊಡುವ ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬಂದದ್ದು. ವೈದ್ಯರ ಕೈಗೆ ಬರುವ ಮೊದಲು ಯುರೋಪಿನಲ್ಲಿ ಅದು ಬಟ್ಟೆಯ ಬಣ್ಣವಾಗಿತ್ತು. ನೂಲಿಗೆ ಬಣ್ಣ ಹಿಡಿಯಲು ಪಟಿಕ ಬೇಕಾಗುವ ಹಾಗೆ ಇಲ್ಲೂ ಪಟಿಕ ಬೇಕು. ಕೋಶದ ಉಳಿದ ಭಾಗಕ್ಕೆ ಇಯೋಸಿನ್ ಎಂಬ ಗುಲಾಬಿ ಬಣ್ಣ. 19ನೆಯ ಶತಮಾನದ ಈ ಜೋಡಿ ಬಣ್ಣವನ್ನೇ ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ನೆಚ್ಚಿಕೊಂಡಿವೆ.

ರೋಗಶಾಸ್ತ್ರಜ್ಞರು ಗಾಜನ್ನು ನೋಡುವ ಬಗೆಯನ್ನು ಸ್ವಲ್ಪ ಗಮನಿಸಿ. ಮೊದಲು ಸಣ್ಣ ಮಸೂರದಲ್ಲಿ ಇಡೀ ತುಣುಕನ್ನು ಸುತ್ತಾಡಿ ಬರುತ್ತಾರೆ. ಪದರಗಳು ಸಾಲಾಗಿವೆಯೇ, ಎಲ್ಲಾದರೂ ಹರಿದು ಕೆಳಕ್ಕೆ ಇಳಿದಿವೆಯೇ ಎಂದು ನೋಡಿ, ಅನುಮಾನ ಬಂದ ಕಡೆ ನಿಂತು ದೊಡ್ಡ ಮಸೂರ ತಿರುಗಿಸುತ್ತಾರೆ. ಅಲ್ಲಿ ಕೋಶಕೇಂದ್ರಗಳು ಊದಿ, ಕಪ್ಪಾಗಿ, ಒಂದೊಂದು ಒಂದೊಂದು ಆಕಾರ ತಾಳಿವೆಯೇ ಎಂದು ಪರೀಕ್ಷಿಸಿ ಮತ್ತೆ ಹಿಂದಕ್ಕೆ ಬರುತ್ತಾರೆ. ಕಣ್ಣಿನಷ್ಟೇ ಕೆಲಸ ಕೈಗೂ ಇದೆ. ಕೈ ಎಲ್ಲಿಗೆ ಹೋಗಬೇಕೆಂಬುದನ್ನು ಕಣ್ಣು ಕ್ಷಣಕ್ಷಣಕ್ಕೂ ನಿರ್ಧರಿಸುತ್ತಿರುತ್ತದೆ.

ಈ ಕೈಯನ್ನೇ ಉದ್ದ ಮಾಡಿದವರು ಅಮೆರಿಕದ ರೋಗಶಾಸ್ತ್ರಜ್ಞ ರೊನಾಲ್ಡ್ ವೈನ್‌ಸ್ಟೀನ್. 1986ರ ಆಗಸ್ಟ್‌ನಲ್ಲಿ ಟೆಕ್ಸಾಸಿನ ಎಲ್ ಪಾಸೋದ ಸೇನಾ ಆಸ್ಪತ್ರೆಯಲ್ಲಿ ಗಾಜನ್ನಿಟ್ಟು, ಎರಡೂವರೆ ಸಾವಿರ ಕಿಲೋಮೀಟರಿಗೂ ದೂರದ ವಾಷಿಂಗ್ಟನ್‌ನಲ್ಲಿ ಕುಳಿತು ಅದನ್ನು ನೋಡುವ ಪ್ರಾತ್ಯಕ್ಷಿಕೆ ನಡೆಯಿತು. ಗಾಜಿನ ಪೀಠವನ್ನು ಆಚೀಚೆ ಸರಿಸಲು, ಮಸೂರ ಬದಲಿಸಲು, ನೋಟ ಸ್ಪಷ್ಟಗೊಳಿಸಲು ಪುಟ್ಟ ಮೋಟಾರುಗಳಿದ್ದವು. ಆಜ್ಞೆ ಉಪಗ್ರಹದ ಮೂಲಕ ಹೋಗಿ ಗಾಜು ಸರಿಯುತ್ತಿತ್ತು, ಚಿತ್ರ ಟಿ.ವಿ. ಪರದೆಗೆ ಮರಳುತ್ತಿತ್ತು. ಟೆಲಿಪೆಥಾಲಜಿ ಎಂಬ ಹೆಸರನ್ನು ಕೊಟ್ಟವರೂ ಅವರೇ.

ಇದು ಬರಿಯ ಚಮತ್ಕಾರವಲ್ಲ ಎಂದು ತೋರಿಸಿಕೊಟ್ಟದ್ದು ನಾರ್ವೆ ದೇಶ. ಶಸ್ತ್ರಚಿಕಿತ್ಸೆಯ ನಡುವೆಯೇ ಸರ್ಜನ್ನರಿಗೆ ಒಂದು ಪ್ರಶ್ನೆ ಏಳುತ್ತದೆ: ಗಂಟು ಕೆಟ್ಟದ್ದೇ? ಇನ್ನಷ್ಟು ಕೊಯ್ಯಬೇಕೇ, ಇಲ್ಲಿಗೆ ಸಾಕೇ? ತುಣುಕನ್ನು ಮೇಣದಲ್ಲಿ ಇಡಲು ವೇಳೆಯಿಲ್ಲ. ಮಂಜುಗಟ್ಟಿಸಿ, ಹೆರೆದು, ಬಣ್ಣ ಹಾಕಿ ನಿಮಿಷಗಳಲ್ಲಿ ನೋಡುತ್ತಾರೆ. ರೋಗಿ ಮೇಜಿನ ಮೇಲೆ ಮಲಗಿಯೇ ಇರುತ್ತಾನೆ. ಇಂಥ ತುಣುಕನ್ನು ಬಸ್ಸಿಗೆ ಹಾಕಿ ಕಳಿಸುವಂತಿಲ್ಲ. ರಷ್ಯದ ಗಡಿಯ ಹತ್ತಿರದ ಕಿರ್ಕೆನೆಸ್ ಊರಿನ ಆಸ್ಪತ್ರೆಗೆ ರೋಗಶಾಸ್ತ್ರಜ್ಞರಿರಲಿಲ್ಲ. 1989ರಿಂದ ಟ್ರೊಮ್ಸೊ ವಿಶ್ವವಿದ್ಯಾಲಯದ ಆಸ್ಪತ್ರೆಯ ತಜ್ಞರು ತಮ್ಮ ಕೋಣೆಯಲ್ಲೇ ಕುಳಿತು ಕಿರ್ಕೆನೆಸ್ಸಿನ ಸೂಕ್ಷ್ಮದರ್ಶಕವನ್ನು ನಡೆಸಿ ಉತ್ತರ ಕೊಡತೊಡಗಿದರು. ದೂರದಿಂದ ನಡೆಸುವ ಸೂಕ್ಷ್ಮದರ್ಶಕದ ನಿಜವಾದ ಬೆಲೆ ತಿಳಿಯುವುದು ಇಲ್ಲಿ ಎಂದು ನನಗನ್ನಿಸುತ್ತದೆ.

ನಮ್ಮ ಸುತ್ತಮುತ್ತ ಏನಾಯಿತು? ನೆರೆಯ ಸೊಲ್ಲಾಪುರ ಜಿಲ್ಲೆಯನ್ನು ನಾವು ಪರಸ್ಥಳ ಎನ್ನಲಾರೆವು, ಅಲ್ಲಿನ ಪೇಟೆಯಲ್ಲಿ ಕನ್ನಡ ಕೇಳುತ್ತದೆ. ಆ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಅದಕ್ಕೂ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೂ ನಡುವೆ ಟೆಲಿಪೆಥಾಲಜಿಯ ಸಂಪರ್ಕ ಏರ್ಪಟ್ಟಿತ್ತು. ಅದರ ಅನುಭವ 2004ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅಲ್ಲಿ ಮೋಟಾರುಗಳಿರಲಿಲ್ಲ. ಬಾರ್ಶಿಯವರು ಗಾಜಿನ ಕೆಲವು ಜಾಗಗಳ ಚಿತ್ರ ತೆಗೆದು ಕಳಿಸುತ್ತಿದ್ದರು, ಮುಂಬಯಿಯವರು ನೋಡಿ ಹೇಳುತ್ತಿದ್ದರು. ಅಗ್ಗದ ದಾರಿ, ಉಪಯೋಗವೂ ಆಯಿತು. ಆದರೆ ಈ ಪದ್ಧತಿಯಲ್ಲೇ ಒಂದು ತೊಡಕಿದೆ: ಯಾವ ಜಾಗದ ಚಿತ್ರ ತೆಗೆಯಬೇಕು ಎಂಬುದನ್ನು ಆರಿಸುವವರು ಕಳಿಸುವವರು. ರೋಗ ಅಡಗಿದ ಮೂಲೆ ಅವರ ಕಣ್ಣು ತಪ್ಪಿಸಿದರೆ ಮುಂಬಯಿಯ ಎಂಥ ಪಂಡಿತರಿಗೂ ಅದು ಕಾಣುವುದಿಲ್ಲ. ವೈನ್‌ಸ್ಟೀನ್ ಅವರ ಯಂತ್ರದಲ್ಲಿ ಆಯ್ಕೆ ನೋಡುವವರದೇ ಆಗಿತ್ತು.

ಬೆಂಗಳೂರಿನಲ್ಲಿ ನಡೆದ ಪ್ರಯತ್ನ ಮತ್ತೊಂದು ಬಗೆಯದು. ಬಾಯಿ ಕ್ಯಾನ್ಸರ್ ನಮ್ಮ ದೇಶದ ಗಂಡಸರಲ್ಲಿ ಬಹಳ ಹೆಚ್ಚು; ಕಾರಣ ಈ ಸಭೆಯಲ್ಲೇ ಹಲವರ ಜೇಬಿನಲ್ಲಿರಬಹುದು. (ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು. ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು ಅಂಗೈಯಲ್ಲಿ ಒಂದಾಗತೊಡಗಿದವು.) ಮಜುಂದಾರ್ ಶಾ ವೈದ್ಯಕೀಯ ಪ್ರತಿಷ್ಠಾನದ ಸಂಶೋಧಕರು ಸೆಲ್‌ಸ್ಕೋಪ್ ಎಂಬ ಉಪಕರಣವನ್ನು ಪರೀಕ್ಷಿಸಿ, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಒಂದು ಐಪ್ಯಾಡ್ ಮಿನಿ, ಅದಕ್ಕೆ ಜೋಡಿಸಿದ ಮಸೂರ, ಎಲ್‌ಇಡಿ ದೀಪ, ಬ್ಲೂಟೂತ್‌ನಿಂದ ನಡೆಯುವ ಮೋಟಾರುಗಳು, ಸೂಕ್ಷ್ಮದರ್ಶಕವೆಂದರೆ ಇಷ್ಟೇ. ಮೋಟಾರುಗಳು ಗಾಜನ್ನು ಸರಿಸುತ್ತ ಹೋಗಿ ಚಿತ್ರ ತೆಗೆಯುತ್ತವೆ. ದೂರದ ತಜ್ಞರಿಗೆ ಕಳಿಸುವ ಚಿತ್ರಗಳನ್ನು ಯಾರೂ ಕಣ್ಣಳತೆಯಲ್ಲಿ ಆರಿಸಲಿಲ್ಲ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಲಾಯಿತು. ತಜ್ಞರು ಅವನ್ನು ನೋಡಿ ಕೊಟ್ಟ ತೀರ್ಮಾನ ಸಾಮಾನ್ಯ ಪರೀಕ್ಷೆಗಳೊಂದಿಗೆ ಹೊಂದುವ ಮಟ್ಟದಲ್ಲಿತ್ತು. ಇದು ಪ್ರಾಯೋಗಿಕ ಅಧ್ಯಯನ, ಸಣ್ಣದು, ಹೆಚ್ಚು ಹೇಳಿಕೊಳ್ಳುವಂತಿಲ್ಲ.

ಆದರೂ ಅದರಲ್ಲಿ ನಮಗೆ ಮುಖ್ಯವಾದ ಒಂದು ಅಂಶವಿದೆ. ಅಲ್ಲಿ ಮಾದರಿ ತೆಗೆದದ್ದು ಕತ್ತಿಯಿಂದಲ್ಲ, ಬ್ರಶ್ಶಿನಿಂದ. ಮಚ್ಚೆಯ ಮೇಲೆ ಉಜ್ಜಿ ಜೀವಕೋಶಗಳನ್ನು ಎತ್ತಿಕೊಂಡರು. ‘ಗಂಟಿಗೆ ಕತ್ತಿ ತಾಗಿಸಿದರೆ ಹರಡುತ್ತದೆ’ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಎಷ್ಟು ಆಳವಾಗಿದೆ ಎಂದು ನಿಮಗೆ ಹೇಳಬೇಕಿಲ್ಲ. ವಾಸ್ತವದಲ್ಲಿ ರೋಗ ಹರಡುವುದು ಬಯಾಪ್ಸಿಯಿಂದಲ್ಲ, ಬಯಾಪ್ಸಿಗೆ ಹೆದರಿ ಕಳೆದ ತಿಂಗಳುಗಳಲ್ಲಿ. ಬ್ರಶ್ಶಿಗೆ ಒಪ್ಪುವವರು ಹೆಚ್ಚು. ಆದರೆ ಅದರಲ್ಲಿ ಸಿಗುವುದು ಮೇಲಿನ ಕೋಶಗಳು ಮಾತ್ರ. ರೋಗ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ತುಣುಕು ಬೇಕೇ ಬೇಕು.

ಈಗ ಇಡೀ ಗಾಜನ್ನೇ ಸ್ಕ್ಯಾನ್ ಮಾಡುವ ಯಂತ್ರಗಳು ಬಂದಿವೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲಿ ಮೊದಲ ಬಾರಿಗೆ ಇಂಥ ಒಂದು ವ್ಯವಸ್ಥೆಯಿಂದ ನೇರವಾಗಿ ರೋಗನಿರ್ಣಯ ಮಾಡಲು ಒಪ್ಪಿಗೆ ಕೊಟ್ಟಿತು. ಒಂದೊಂದು ಚಿತ್ರವೂ ಗಿಗಾಬೈಟ್ ಗಾತ್ರಕ್ಕೆ ಬೆಳೆಯಬಹುದು, ಅದನ್ನು ಸಾಗಿಸುವ ತಂತಿ ಇಂದು ಹಳ್ಳಿಗೂ ಬಂದಿದೆ. ನನ್ನ ಚಿಂತೆ ತಂತಿಯದ್ದಲ್ಲ, ಗಾಜಿನದ್ದು. ತುಣುಕನ್ನು ಅದರ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಅವಸರಕ್ಕೆ ಸಲಾಯಿನ್ ನೀರಿನಲ್ಲಿ ಹಾಕಿ ಕಳಿಸಿದರೆ ದಾರಿಯಲ್ಲೇ ಕೊಳೆಯುತ್ತದೆ. ಮೇಣ, ಅಲಗು, ಬಣ್ಣ, ಇವನ್ನು ಬಲ್ಲ ಒಬ್ಬ ತಂತ್ರಜ್ಞ ತಾಲ್ಲೂಕಿನಲ್ಲೇ ಇರಬೇಕು. ಕಿರ್ಕೆನೆಸ್ಸಿನಲ್ಲೂ ತುಣುಕು ಹೆರೆದು ಬಣ್ಣ ಹಾಕಿದ್ದು ಕಿರ್ಕೆನೆಸ್ಸಿನವರೇ. ಆದ್ದರಿಂದ ದೂರದರ್ಶಕ ಯಂತ್ರ ಕೇಳುವ ಮೊದಲು ಜನಪ್ರತಿನಿಧಿಗಳಲ್ಲಿ ಆ ತಂತ್ರಜ್ಞನ ಹುದ್ದೆಯನ್ನು ಕೇಳಿ ಎಂಬುದು ನನ್ನ ಸಲಹೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ರಿಪೋರ್ಟಿನ ಹಾಳೆ ಕೈಗೆ ಬಂದ ಮೇಲೂ ಆ ಗಾಜು ಮತ್ತು ತುಣುಕು ಹುದುಗಿರುವ ಮೇಣದ ಅಚ್ಚು ಪ್ರಯೋಗಾಲಯದಲ್ಲಿ ಉಳಿದಿರುತ್ತವೆ. ಅಚ್ಚು ವರ್ಷಗಟ್ಟಲೆ ಕೆಡುವುದಿಲ್ಲ, ಅದರಿಂದ ಮತ್ತೆ ಹೊಸ ಗಾಜು ಮಾಡಬಹುದು. ಇನ್ನೊಬ್ಬ ತಜ್ಞರ ಅಭಿಪ್ರಾಯಕ್ಕೆ ಬೇರೆ ಊರಿಗೆ ಹೊರಟವರು ಹಾಳೆಯೊಂದನ್ನೇ ಮಡಚಿಕೊಂಡು ಹೋಗಬೇಡಿ. ಗಾಜು ಮತ್ತು ಅಚ್ಚನ್ನು ಕೇಳಿ, ಸಹಿ ಹಾಕಿ ಪಡೆದುಕೊಂಡು ಹೋಗಿ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.