ಸಿನಿಮಾದ ಹಂಗಿಲ್ಲದ ಹಾಡು



ಕೆನಡಾ ದೇಶದ ರೇಡಿಯೊದಲ್ಲಿ ಒಂದು ಕಾಲಕ್ಕೆ ಪಕ್ಕದ ಅಮೆರಿಕದ ಹಾಡುಗಳದ್ದೇ ದರ್ಬಾರು. 1971ರಲ್ಲಿ ಅಲ್ಲೊಂದು ನಿಯಮ ಬಂತು: ಎ.ಎಂ. ಕೇಂದ್ರಗಳು ಹಾಕುವ ಸಂಗೀತದಲ್ಲಿ ಶೇಕಡಾ 30 ಸ್ವದೇಶದ್ದಾಗಿರಬೇಕು. ಅಲ್ಲಿನ ರಾಕ್ ತಂಡಗಳಿಗೆ ಅದರಿಂದ ದೊಡ್ಡ ಆಸರೆ ಸಿಕ್ಕಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಇಲ್ಲಿ ಸ್ವಂತ ಹಾಡು ಕಟ್ಟುವ ತಂಡಕ್ಕೆ ಎದುರಾಗುವುದು ಪರದೇಶವಲ್ಲ, ನಮ್ಮದೇ ಸಿನಿಮಾ.

ಅದನ್ನು ದಾಟಿದವರಲ್ಲಿ ರಘು ದೀಕ್ಷಿತ್ ಒಬ್ಬರು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯ ಕಲಿತವರು. ಮೊದಲು ಕಟ್ಟಿದ ತಂಡ 'ಅಂತರಾಗ್ನಿ'. ಅದು ಚದುರಿದ ಮೇಲೆ ತಮ್ಮ ಹೆಸರಿನಲ್ಲೇ ಇನ್ನೊಂದು ಕಟ್ಟಿದರು. ಧ್ವನಿಮುದ್ರಣ ಕಂಪನಿಗಳು ವರ್ಷಗಟ್ಟಲೆ ಬೇಡವೆಂದವು. ಕೊನೆಗೆ ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಕೇಳಿ ಮೆಚ್ಚಿದರು. 2008ರಲ್ಲಿ ಮೊದಲ ಆಲ್ಬಮ್ ಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವ. ಬಣ್ಣದ ಪಂಚೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು. ಸಿನಿಮಾವನ್ನು ಪೂರ್ತಿ ಬಿಟ್ಟರೆಂದಲ್ಲ, ಅದೇ 2008ರಲ್ಲಿ 'ಸೈಕೋ' ಚಿತ್ರಕ್ಕೆ ಸಂಗೀತ ಕೊಟ್ಟಿದ್ದರು. ಆದರೆ ವಿದೇಶದ ವೇದಿಕೆಗೆ ಹತ್ತಿಸಿದ್ದು ಸಿನಿಮಾ ಅಲ್ಲ.

ಹತ್ತಿಸಿದವರು, ನನ್ನ ಲೆಕ್ಕದಲ್ಲಿ, ಶಿಶುನಾಳ ಶರೀಫರು! 1889ರಲ್ಲಿ ತೀರಿಕೊಂಡ ಆ ಸಂತನ ತತ್ವಪದಗಳಿಗೆ ರಘು ರಾಕ್‌ನ ತಾಳ ಹೇರಿದರೂ ಅವು ಮುರಿಯಲಿಲ್ಲ. ಏಕತಾರಿ ಹಿಡಿದು ಒಬ್ಬ ಹಾಡಿದರೆ ಊರೇ ಪಲ್ಲವಿ ಹಿಡಿಯುವಂತೆ ಹುಟ್ಟಿದ ಪದಗಳು ಅವು. ಸಾವಿರಾರು ಜನ ಕೂಡಿ ಹಾಡುವುದು ಅವಕ್ಕೆ ಹೊಸತೇನಲ್ಲ.

ಇಲ್ಲಿ ನಮ್ಮ ಶಿವಮೊಗ್ಗ ಸೀಮೆಯ ಪಾಲೂ ಇದೆ. ರಘು ಹಾಡುವ ಹೊತ್ತಿಗೆ ಶರೀಫರ ಪದಗಳು ಕನ್ನಡದ ಮನೆಮನೆಗೆ ಗೊತ್ತಿದ್ದವು. ಆ ಕೆಲಸ ಮಾಡಿದವರು ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ. ಸುಬ್ಬಣ್ಣ ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದಲ್ಲಿ. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದರೂ ಅವರು ಸಿನಿಮಾದ ಬೆನ್ನು ಹತ್ತಲಿಲ್ಲ. ವಕೀಲರಾಗಿದ್ದುಕೊಂಡು ಕುವೆಂಪು, ಬೇಂದ್ರೆ, ಶರೀಫರನ್ನು ಹಾಡಿದರು. ಆಕಾಶವಾಣಿಯ ಸುಗಮ ಸಂಗೀತ, ಆಮೇಲೆ ಕ್ಯಾಸೆಟ್ಟು ಇಂಥವರಿಗೆ ದಾರಿಯಾದವು. ಕೆನಡಾದವರು ಕಾನೂನಿನಿಂದ ಮಾಡಿದ್ದನ್ನು ನಾವು ಒಂದಿಷ್ಟು ರೇಡಿಯೊದ ವೇಳೆಯಲ್ಲೇ ಮಾಡಿಕೊಂಡೆವು.

ಈಗ ಕಂಪನಿಯ ಬಾಗಿಲು ಕಾಯಬೇಕಾಗಿಲ್ಲ, ಮೊಬೈಲಿನಲ್ಲೇ ಹಾಡು ಊರು ದಾಟುತ್ತದೆ. ಆದರೂ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಆರ್ಕೆಸ್ಟ್ರಾ ಎಂದರೆ ಹೆಚ್ಚಾಗಿ ಸಿನಿಮಾ ಹಾಡೇ. ಹಾಡುವವರ ತಪ್ಪೆನ್ನಲಾರೆ; ಕೆಳಗಿನಿಂದ ಚೀಟಿ ಬರುವುದೇ ಅದಕ್ಕೆ. ಈ ಸಲ ಗಣಪತಿ ಕೂರಿಸುವ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ: ಊರಿನ ಹುಡುಗ ಹುಡುಗಿಯರು ತಾವೇ ಕಟ್ಟಿದ ಹಾಡು ತಂದರೆ ಅವರಿಗೆ ಅರ್ಧ ಗಂಟೆ ಮೈಕು ಬಿಟ್ಟುಕೊಡಿ.